ನೆರಳಣ್ಣನ ಮರಳುಗಾಡು

ನೆರಳಣ್ಣ ನನ್ನ ಬಣ್ಣದ ಅಂಗಡಿಗೆ ಬಂದರೆ ಮೊದಲು ಬ್ರಷ್ಷಿನ ಡಬ್ಬಿಗೆ ಕೈ ಹಾಕುತ್ತಾನೆ. ಒಂದೊಂದನ್ನೇ ತೆಗೆದು, ಕೆನ್ನೆಗೆ ಒತ್ತಿ, ಕೂದಲು ಮೆತ್ತಗಿದೆಯೋ ಒರಟೋ ನೋಡಿ, ಮತ್ತೆ ಡಬ್ಬಿಗೇ ಇಡುತ್ತಾನೆ. ಕೊಳ್ಳುವುದು ಯಾವಾಗಲೋ ಒಮ್ಮೆ. ಅವನ ಕೆನ್ನೆ ಸವರಿ ಬಂದ ಬ್ರಷ್ಷನ್ನು ‘ಈಗಷ್ಟೇ ಬಂದ ಮಾಲು’ ಎಂದು ನಾನು ಉಳಿದವರಿಗೆ ಕೊಡುತ್ತೇನೆ. ಇವತ್ತಿನವರೆಗೆ ಒಬ್ಬರೂ ದೂರು ತಂದಿಲ್ಲ.

ಅವನು ಬೋರ್ಡು ಬರೆಯುವವನು. ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇದೆ, ಆದರೆ ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ಬೇರೆ ಪೇಂಟರುಗಳು ಅಕ್ಷರಕ್ಕೆ ನೆರಳು ಕೊಡಬೇಕಾದರೆ ಬೇರೆ ದರ ಹೇಳುತ್ತಿದ್ದರು. ಇವನು ಕೇಳದೆಯೇ ಕೊಡುತ್ತಿದ್ದ, ಬೇಡವೆಂದರೂ ಕೊಡುತ್ತಿದ್ದ. “ನೆರಳಿಲ್ಲದ ಅಕ್ಷರ ಗೋಡೆಗೆ ಅಂಟಿಕೊಂಡ ಹಲ್ಲಿ ಥರ ಕಾಣುತ್ತೆ. ನೆರಳು ಕೊಡಿ, ಎದ್ದು ನಿಂತು ಗಿರಾಕಿನ ಕೂಗಿ ಕರೆಯುತ್ತೆ,” ಎನ್ನುತ್ತಿದ್ದ. ನನ್ನ ಅಂಗಡಿಯ ಬೋರ್ಡು, ಎದುರಿನ ಕ್ಷೌರದಂಗಡಿಯದು, ಮೂಲೆಯ ಔಷಧಿ ಅಂಗಡಿಯದು, ಎಲ್ಲವೂ ಅವನದೇ ಕೈ. ಎಲ್ಲದರಲ್ಲೂ ನೆರಳು ಬಲಕ್ಕೆ, ಕೊಂಚ ಕೆಳಕ್ಕೆ. ಆಕಾಶದ ಸೂರ್ಯ ಎಲ್ಲಿಗಾದರೂ ಹೋಗಲಿ, ನಮ್ಮ ಬೀದಿಯ ಬೋರ್ಡುಗಳ ಸೂರ್ಯ ಎಡಗಡೆಯ ಮೇಲ್ಮೂಲೆ ಬಿಟ್ಟು ಕದಲಿದ್ದೇ ಇಲ್ಲ. ಇದನ್ನು ಓದುವವರು ನೆನಪಿಟ್ಟುಕೊಂಡಿದ್ದರೆ ಒಳ್ಳೆಯದು. ನೆರಳಣ್ಣನೇ ನೆನಪಿಟ್ಟುಕೊಳ್ಳದೆ ಹೋದದ್ದರಿಂದ ಈ ಕಥೆ ಆಯಿತು.

ಆಮೇಲೆ ಫ್ಲೆಕ್ಸ್ ಬಂತು. ಬಂದದ್ದು ಬೇರೆಲ್ಲಿಂದಲೋ ಆಗಿದ್ದರೆ ನೆರಳಣ್ಣ ಹಾಯಾಗಿ ಶಾಪ ಹಾಕಬಹುದಿತ್ತು. ಅದನ್ನು ನಮ್ಮ ಬೀದಿಗೆ ತಂದವನು ಅವನ ಭಾಮೈದ, ಅಂದರೆ ಹೆಂಡತಿಯ ಸ್ವಂತ ತಮ್ಮ. ಬಸ್ ನಿಲ್ದಾಣದ ಹತ್ತಿರ ಗಾಜಿನ ಬಾಗಿಲಿನ ಅಂಗಡಿ ಇಟ್ಟು, ನೆರಳಣ್ಣ ವಾರವಿಡೀ ಬರೆಯುವುದನ್ನು ಚಹಾ ಆರುವುದರೊಳಗೆ ಯಂತ್ರದಿಂದ ಎಳೆದು ಕೊಡುತ್ತಿದ್ದ. ಹುಡುಗ ಕೆಟ್ಟವನಲ್ಲ. ಭಾವನ ಕೈ ಖಾಲಿಯಾಗುತ್ತಿದೆ ಎಂದು ಕಂಡಾಗ ತಾನೇ ಮನೆಗೆ ಬಂದು ಕರೆದ.

“ಭಾವ, ಕೌಂಟರಲ್ಲಿ ಕೂತ್ಕೊಂಡ್ಬಿಡಿ. ಫ್ಯಾನ್ ಇದೆ. ಕುರ್ಚಿ ಸುತ್ತ ತಿರುಗುತ್ತೆ.”

“ಕುರ್ಚಿ ತಿರುಗಿ ನಂಗೇನಾಗ್ಬೇಕು? ನಾನು ಏಣಿ ಮೇಲೆ ನಿಲ್ಲೋನು.”

“ಅದಕ್ಕೇ ಹೇಳ್ತಿರೋದು. ಈ ವಯಸ್ಸಲ್ಲಿ ಏಣಿ ತಿರುಗಿದ್ರೆ ಅಕ್ಕ ನನ್ನ ಸುಮ್ನೆ ಬಿಡ್ತಾಳಾ?”

ಬ್ರಷ್ಷು ಹಿಡಿದ ಕೈಯಲ್ಲಿ ಭಾಮೈದನ ರಸೀದಿ ಹರಿಯುವುದೆಂದರೆ ಅವನಿಗೆ ಪ್ರಾಣಸಂಕಟ. ಅಂಥ ಹೊತ್ತಿನಲ್ಲಿ ಲಾಡ್ಜಿನ ಯಜಮಾನರು, ಗೋಡೆಗೆ ಒಂದು ಚಿತ್ರ ಬರೆಯಬೇಕೆಂದು ಹೇಳಿ ಕಳಿಸಿದರು. ನೆರಳಣ್ಣ ಹೆಂಡತಿಗೆ ಅಂದೇ ಮಾತು ಕೊಟ್ಟ. ಲಾಡ್ಜಿನ ಗೋಡೆ ಕೈ ಹಿಡಿಯಿತೋ, ಬ್ರಷ್ಷು ಉಳಿಯಿತು. ಕೈ ಕೊಟ್ಟಿತೋ, ಮಾರನೆಯ ದಿನವೇ ತಿರುಗುವ ಕುರ್ಚಿ.

ಲಾಡ್ಜು ಬಸ್ ನಿಲ್ದಾಣದ ಎದುರಿಗೇ ಇದೆ. ಕೆಳಗೆ ಊಟದ ಹಾಲ್, ಮೇಲೆ ಕೋಣೆಗಳು. ಯಜಮಾನರು ಕಟ್ಟಡ ಕೊಂಡಾಗ ಅದರ ಜೊತೆಗೇ ಬಂದ ಒಂದು ಚಿತ್ರ ಹಾಲಿನಲ್ಲಿ ತೂಗುತ್ತಿತ್ತು. ಎರಡು ಅಂಗೈ ಅಗಲದ ಜಲವರ್ಣ. ಮೂಲೆಯಲ್ಲಿ ಓದಲಾಗದ ಒಂದು ಸಹಿ, ಹತ್ತೊಂಬತ್ತನೇ ಶತಮಾನದ ಯಾವುದೋ ಇಸವಿ. ಯಾವ ದೇಶದ್ದೋ ಯಾರಿಗೂ ಗೊತ್ತಿಲ್ಲ. ಮರಳುಗಾಡು ಎಂಬುದಷ್ಟೇ ಖಾತ್ರಿ. ಮುಕ್ಕಾಲು ಭಾಗ ಕೆಂಪೇರಿದ ಆಕಾಶ, ಕೆಳಗೆ ಒಂದೇ ಸಲ ಬ್ರಷ್ಷು ಎಳೆದಂತೆ ಮರಳು, ಒಂದು ಬದಿಗೆ ಮುರಿದ ಗೋಡೆ, ನಡುವೆ ಸಾಲಾಗಿ ಕೆಲವು ಕಂದು ಚುಕ್ಕೆಗಳು. ಚುಕ್ಕೆಗಳಿಗೆ ಉದ್ದುದ್ದ ನೆರಳು.

“ಇದನ್ನ ಹಾಲಿನ ಆ ದೊಡ್ಡ ಗೋಡೆಗೆ ಇಳಿಸಿಕೊಡಿ. ಚೆನ್ನಾಗಿ ಬಂದ್ರೆ ಮೇಲಿನ ಕೋಣೆಗಳಿಗೂ ಒಂದೊಂದು ಬರೀಬೇಕು,” ಎಂದರು ಯಜಮಾನರು.

ದೊಡ್ಡದು ಮಾಡುವ ವಿದ್ಯೆ ಬೋರ್ಡು ಬರೆಯುವವನಿಗೆ ನೀರು ಕುಡಿದಷ್ಟು ಸುಲಭ. ಚಿತ್ರದ ಗಾಜಿನ ಮೇಲೆ ದಾರ ಕಟ್ಟಿ ಚೌಕ ಮಾಡುವುದು, ಗೋಡೆಯ ಮೇಲೆ ಸೀಮೆಸುಣ್ಣದ ದಾರ ಹೊಡೆದು ಅಷ್ಟೇ ಚೌಕ ಮಾಡುವುದು, ಆಮೇಲೆ ಈ ಚೌಕದಲ್ಲಿರುವುದನ್ನು ಆ ಚೌಕಕ್ಕೆ ಸಾಗಿಸುವುದು. ತೊಂದರೆ ಶುರುವಾದದ್ದು ಚುಕ್ಕೆಗಳ ಚೌಕದಲ್ಲಿ. ಚಿತ್ರದಲ್ಲಿ ಎಳ್ಳಿನಷ್ಟಿದ್ದದ್ದು ಗೋಡೆಯ ಮೇಲೆ ಕುಂಬಳಕಾಯಿಯಷ್ಟಾಗುತ್ತದೆ. ಎಳ್ಳು ಏನಾದರೂ ಆಗಿರಬಹುದು. ಕುಂಬಳಕಾಯಿಯಷ್ಟಾದ ಮೇಲೆ ಅದು ಇಂಥದ್ದೇ ಎಂದು ಹೇಳಬೇಕಾಗುತ್ತದೆ.

ನೆರಳಣ್ಣ ಚಿತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು ಎಲ್ಲರ ಹತ್ತಿರ ಹೋದ. ಯಜಮಾನರು ಒಂಟೆಗಳೆಂದರು. ಹೆಂಡತಿ, ತಲೆ ಮೇಲೆ ಗಂಟು ಹೊತ್ತ ಹೆಂಗಸರೆಂದಳು. “ಮುಂದೆ ಕೈಬೀಸಿಕೊಂಡು ಹೋಗ್ತಿದಾನಲ್ಲ, ಅವನು ಗಂಡಸು,” ಎಂದೂ ಸೇರಿಸಿದಳು. ನನ್ನ ಕಣ್ಣಿಗೆ ಅವು ಇಳಿಸಿಟ್ಟ ಮೂಟೆಗಳಂತೆ ಕಂಡವು.

“ನಿಮಗೆ ಎಲ್ಲಿ ನೋಡಿದ್ರೂ ಮೂಟೆನೇ ಕಾಣುತ್ತೆ,” ಎಂದ ನೆರಳಣ್ಣ.

“ಮತ್ತೆ ನಿಂಗೇನು ಕಾಣುತ್ತೆ, ಹೇಳು.”

“ನಂಗೆ ಬ್ರಷ್ಷು ಕಾಣುತ್ತೆ. ನೆನೆದ ಬ್ರಷ್ಷನ್ನ ಒಂದ್ಸಲ ಒತ್ತಿ ಎತ್ತಿದಾನೆ, ಅಷ್ಟೆ. ಏನು ಅಂತ ಅವನಿಗೇ ಗೊತ್ತಿತ್ತೋ ಇಲ್ವೋ.”

ಕೊನೆಗೆ ಅವನು ಬುದ್ಧಿವಂತಿಕೆಯ ತೀರ್ಮಾನ ಮಾಡಿದ. ಅವನ ಕೆಲಸ ಅರ್ಥ ಹೇಳುವುದಲ್ಲ, ದೊಡ್ಡದು ಮಾಡುವುದು. ಚುಕ್ಕೆ ಚುಕ್ಕೆಯಾಗಿಯೇ ಇರಲಿ. ಹಾಗೇ ಬರೆದ. ಆಕಾಶ ಬಂತು, ಮರಳು ಬಂತು, ಮುರಿದ ಗೋಡೆ ಬಂತು, ಚುಕ್ಕೆಗಳ ಸಾಲೂ ಬಂತು. ಉಳಿದದ್ದು ನೆರಳು. ನೆರಳಿಗೆ ಅವನು ಚಿತ್ರ ನೋಡಲೂ ಹೋಗಲಿಲ್ಲ. ಇಡೀ ಜನ್ಮದಲ್ಲಿ ನೆರಳು ಕೊಡಲು ನೋಡಿ ಕೊಟ್ಟವನೇ ಅಲ್ಲ. ಡಿಸ್ಟೆಂಪರಿನಲ್ಲಿ ಕಂದು ಕಲಸಿ, ಸೀಟಿ ಹಾಕುತ್ತ, ಸಾಲಿಗೆ ಸಾಲೇ ಎಳೆದುಬಿಟ್ಟ. ಬಲಕ್ಕೆ, ಕೊಂಚ ಕೆಳಕ್ಕೆ.

ಗೋಡೆ ನೋಡಲು ಯಜಮಾನರ ಜೊತೆಗೆ ನಾನೂ ಹೋಗಿದ್ದೆ. ಇಬ್ಬರಿಗೂ ಏನೂ ತಿಳಿಯಲಿಲ್ಲ. ‘ಭೇಷ್’ ಎಂದೆವು. ಅಷ್ಟರಲ್ಲಿ ಯಜಮಾನರ ತಾಯಿ ಒಳಗಿನಿಂದ ಬಂದು ಕುರ್ಚಿ ಎಳೆಸಿಕೊಂಡು ಕೂತರು. ಮಾತು ಕಡಿಮೆ, ನೋಟ ಜಾಸ್ತಿ, ಅಂಥ ಮುದುಕಿ. ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

“ಇದೇನಪ್ಪ, ಎಲ್ಲರೂ ಹೊರಟುಬಿಟ್ಟಿದಾರಲ್ಲ!”

“ಯಾರು ಹೊರಟ್ರು ಅಮ್ಮ?” ಎಂದರು ಯಜಮಾನರು.

“ನನ್ನ ಚಿತ್ರದಲ್ಲಿ ಸಂಜೆ. ದಣಿದವರು ಬರ್ತಿರ್ತಾರೆ. ಇದರಲ್ಲಿ ಬೆಳಗಾಗಿಬಿಟ್ಟಿದೆ. ಎದ್ದು ಹೋಗ್ತಿದಾರೆ.”

ಯಜಮಾನರು ಚಿಕ್ಕ ಚಿತ್ರ ತಂದು ಗೋಡೆಯ ಪಕ್ಕ ಹಿಡಿದರು. ಆಗ ನಮಗೆಲ್ಲ ಕಂಡಿತು. ಅದರಲ್ಲಿ ನೆರಳು ಎಡಕ್ಕೆ, ಇದರಲ್ಲಿ ಬಲಕ್ಕೆ. ಮುದುಕಿಯ ಲೆಕ್ಕ ಸರಳ. ಆ ಚಿತ್ರ ಹಾಲಿನಲ್ಲಿ ತೂಗುತ್ತಿದ್ದ ಜಾಗದ ಬಲಕ್ಕೆ ಪಡುವಣ ಕಿಟಕಿ. ದಿನಾ ಸಂಜೆ ಆ ಕಿಟಕಿಯಿಂದ ಬಿಸಿಲು ಬರುವಾಗ ಅವರು ಅದರ ಕೆಳಗೆ ಕೂತು ಚಹಾ ಕುಡಿದವರು. ಹೀಗಾಗಿ ಚಿತ್ರದ ಸೂರ್ಯನೂ ಬಲಗಡೆಯ ಆ ಕಿಟಕಿಯಲ್ಲೇ ಮುಳುಗುತ್ತಾನೆ. ಈಗ ನೆರಳಣ್ಣ ಸೂರ್ಯನನ್ನು ಎಡಕ್ಕೆ ತಳ್ಳಿದ್ದ. ಎಡಗಡೆ ಮೂಡಣ. ಅಲ್ಲಿಗೆ ಬೆಳಗಾಯಿತು.

ಯಜಮಾನರ ಮುಖ ನೋಡಬೇಕಿತ್ತು. “ಅಲ್ರೀ, ಲಾಡ್ಜಿನ ಗೋಡೆ ಮೇಲೆ ಯಾರಾದ್ರೂ ಬಿಟ್ಟು ಹೋಗೋರನ್ನ ಬರೀತಾರೇನ್ರೀ?”

ನೆರಳಣ್ಣ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ, ಅದು ಬೇರೆ ಯಾರದೋ ಎಂಬಂತೆ.

ನಾನು ವ್ಯಾಪಾರಿ. ಗಿರಾಕಿಗೆ ಮಾಲು ಸರಿಯಿಲ್ಲ ಎನ್ನಿಸಿದಾಗ ತಕ್ಷಣ ಒಪ್ಪಿಕೊಳ್ಳಬಾರದು, ಮೂರನೆಯವನೊಬ್ಬನನ್ನು ಕರೆಸಬೇಕು ಎಂಬುದು ನನಗೆ ಗೊತ್ತು. ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಕರೆಸೋಣ ಎಂದೆ. ಮೇಷ್ಟ್ರು ಬಂದರು. ಭೂತಗನ್ನಡಿ ಇಟ್ಟು ಚಿತ್ರ ನೋಡಿದರು. ನಿಜಕ್ಕೂ ತಿಳಿದವರು.

“ನೋಡಿ, ಆ ಕಲಾವಿದ ದಕ್ಷಿಣಕ್ಕೆ ಮುಖ ಮಾಡಿ ಕೂತಿದ್ರೆ ಬಲಗಡೆ ಪಶ್ಚಿಮ. ಆಗ ಇದು ಸಂಜೆ. ಉತ್ತರಕ್ಕೆ ಕೂತಿದ್ರೆ ಬಲಗಡೆ ಪೂರ್ವ. ಆಗ ಬೆಳಿಗ್ಗೆ.”

“ಅವನು ಯಾವ ಕಡೆ ಕೂತಿದ್ದ?” ಎಂದರು ಯಜಮಾನರು.

“ಅದನ್ನ ಅವನು ಬರೆದಿಲ್ಲ.”

“ಆಕಾಶ ಕೆಂಪಗಿದೆಯಲ್ಲ ಮೇಷ್ಟ್ರೇ?”

“ಎರಡು ಹೊತ್ತಲ್ಲೂ ಕೆಂಪಗಿರುತ್ತೆ. ಅದೂ ಅಲ್ಲದೆ ಆ ಕಾಲದ ಕೆಲವು ನೀಲಿಗಳು ಬೆಳಕಿಗೆ ಮಾಸಿಹೋಗ್ತವೆ, ಕೆಂಪಷ್ಟೇ ಉಳಿಯುತ್ತೆ. ಬರೆದಾಗ ಕೆಂಪಗಿತ್ತೋ ಇಲ್ವೋ, ಅದೂ ಹೇಳೋಕಾಗಲ್ಲ.”

“ಹಾಗಾದ್ರೆ ಮಧ್ಯಾಹ್ನ ಇರಬಹುದಾ?” ನೆರಳಣ್ಣನ ಧ್ವನಿಯಲ್ಲಿ ಆಸೆ ಇತ್ತು.

“ಇಲ್ಲಪ್ಪ, ನೆರಳು ಉದ್ದ ಇದೆ. ಮಧ್ಯಾಹ್ನ ಅಲ್ಲ.”

“ಅಬ್ಬ, ಒಂದಾದ್ರೂ ಇತ್ಯರ್ಥ ಆಯ್ತು,” ಎಂದೆ ನಾನು.

ಮೇಷ್ಟ್ರು ಚಹಾ ಕುಡಿದು, ಜನ ಬರುತ್ತಿದ್ದಾರೋ ಹೋಗುತ್ತಿದ್ದಾರೋ ಎಂಬುದಕ್ಕೂ ಹೊತ್ತಿಗೂ ಸಂಬಂಧವೇ ಇಲ್ಲ, ಮರಳುಗಾಡಿನಲ್ಲಿ ಸಂಜೆ ಹೊರಡುವವರೂ ಇರುತ್ತಾರೆ, ಚುಕ್ಕೆಗಳಿಗೆ ಮುಖ ಯಾವುದು ಬೆನ್ನು ಯಾವುದು ಎಂಬುದೇ ಗೊತ್ತಿಲ್ಲ ಎಂದೆಲ್ಲ ಹೇಳಿ ಎದ್ದು ಹೋದರು. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಒಂದು ಮಾತೂ ಉಪಯೋಗಕ್ಕೆ ಬರಲಿಲ್ಲ.

“ಅವೆಲ್ಲ ಬೇಡ. ಅಮ್ಮನಿಗೆ ಸಂಜೆ ಬೇಕು. ನೆರಳು ಎಡಕ್ಕೆ ಹಾಕಿ,” ಎಂದರು ಯಜಮಾನರು. “ಅದೂ ಸರಿಹೋಗದಿದ್ರೆ ನಿಮ್ಮ ಭಾಮೈದನಿಂದ ಇದನ್ನೇ ದೊಡ್ಡದಾಗಿ ಎಳೆಸಿ ಅಂಟಿಸ್ತೀನಿ. ಬೇಜಾರು ಮಾಡ್ಕೋಬೇಡಿ.”

ನೆರಳಣ್ಣ ಬಲಗಡೆಯ ನೆರಳುಗಳ ಮೇಲೆ ಮರಳಿನ ಬಣ್ಣ ಬಳಿದ. ಎಡಗಡೆಗೆ ಹೊಸ ನೆರಳು ಎಳೆದ. ಈ ಸಲ ಸೀಟಿ ಇಲ್ಲ. ಒಂದೊಂದು ನೆರಳಿಗೂ ಚಿತ್ರ ನೋಡಿ, ಕೈ ನೋಡಿ, ಬಾಯಲ್ಲಿ ‘ಎಡ, ಎಡ’ ಅಂದುಕೊಂಡು ಎಳೆದ. ಸಂಜೆ ಎಲ್ಲ ಸರಿಯಿತ್ತು. ಬೆಳಿಗ್ಗೆ ಬಣ್ಣ ಒಣಗಿದಾಗ ಹಳೆಯ ಕಂದು ಕೆಳಗಿನಿಂದ ಮೆಲ್ಲಗೆ ಎದ್ದು ಬಂದಿತ್ತು. ಒಂದೊಂದು ಚುಕ್ಕೆಗೂ ಈಗ ಎರಡೆರಡು ನೆರಳು, ಎಡಕ್ಕೊಂದು ದಟ್ಟ, ಬಲಕ್ಕೊಂದು ತೆಳು.

ಅವನು ನನ್ನ ಅಂಗಡಿಗೆ ಓಡಿ ಬಂದ. “ಪ್ರೈಮರ್ ಕೊಡಿ, ಬೇಗ. ಹಳೇ ಬಣ್ಣ ಮುಚ್ಚಬೇಕು. ಮರಳುಗಾಡಲ್ಲಿ ಎರಡು ಸೂರ್ಯ ಹುಟ್ಟಿಬಿಟ್ಟಿವೆ.”

ಪ್ರೈಮರ್ ಹಿಡಿದು ಇಬ್ಬರೂ ಹೋದೆವು. ಅಷ್ಟರಲ್ಲಿ ಭಾಮೈದ ಅಲ್ಲಿ ಬಂದು ನಿಂತಿದ್ದ, ಅಳತೆಯ ಟೇಪು ಕೈಯಲ್ಲಿ.

“ಭಾವ, ನಮ್ಮಲ್ಲಾದ್ರೆ ಒಂದು ಗುಂಡಿ ಒತ್ತಿದ್ರೆ ನೆರಳು ಈ ಕಡೆಯಿಂದ ಆ ಕಡೆ ಹೋಗುತ್ತೆ. ಹಿಂದೆ ಉಳಿದುಕೊಳ್ಳಲ್ಲ.”

“ನಿನ್ನ ಗುಂಡಿ ನಿನ್ನ ಹತ್ರಾನೇ ಇರಲಿ.”

“ಕುರ್ಚಿ ಒರೆಸಿ ಇಟ್ಟಿದೀನಿ ಭಾವ. ಬೇಜಾರಿಲ್ಲದೆ ಬನ್ನಿ.”

ನೆರಳಣ್ಣ ಏಣಿ ಹತ್ತಲು ಕಾಲೆತ್ತಿದ. ಆಗ ಯಜಮಾನರು ಗಲ್ಲಾದ ಹಿಂದಿನಿಂದ ಕೈ ತೋರಿಸಿ, ತಡೆಯಿರಿ ಎಂದು ಸನ್ನೆ ಮಾಡಿದರು.

ಹಾಲಿನಲ್ಲಿ ಗೋಡೆಯ ಹತ್ತಿರದ ಮೇಜಿನಲ್ಲಿ ಔಷಧಿ ಕಂಪನಿಯ ಏಜೆಂಟನೊಬ್ಬ, ಅವನೆದುರು ಗಂಡ ಹೆಂಡತಿ. ಬಸ್ಸಿಗೆ ಕಾಯುತ್ತಿದ್ದವರು. ಏಜೆಂಟ, ಇವರು ಊರು ಬಿಟ್ಟು ಹೋಗುತ್ತಿದ್ದಾರೆ ಎನ್ನುತ್ತಿದ್ದ. ಹೆಂಡತಿ, ಅಲ್ಲ, ನೀರು ಹುಡುಕಿ ಬರುತ್ತಿದ್ದಾರೆ ಎನ್ನುತ್ತಿದ್ದಳು. ಗಂಡ, ಬರುವ ನೆರಳೂ ಇದೆ ಹೋಗುವ ನೆರಳೂ ಇದೆ, ನಡುವೆ ಏನೋ ಮರೆತು ಬಂದು ವಾಪಸು ತಿರುಗಿರಬೇಕು ಎಂದ.

“ಮರೆತಿದ್ರೆ ನಿಮ್ಮ ಥರ ಯಾರೋ ಗಂಡಸೇ ಮರೆತಿರ್ತಾನೆ,” ಎಂದಳು ಹೆಂಡತಿ. ಇನ್ನೊಂದು ಸುತ್ತು ಚಹಾ ಹೇಳಿದರು. ಬಸ್ಸು ಬಂದು ಹಾರನ್ ಹೊಡೆದು ಹೋಯಿತು. ಮೂವರೂ ಕೂತೇ ಇದ್ದರು. ಪಕ್ಕದ ಮೇಜಿನವನು ಕುರ್ಚಿ ತಿರುಗಿಸಿಕೊಂಡು ಜಗಳಕ್ಕೆ ಸೇರಿಕೊಂಡ, ಅವನಿಗೂ ಚಹಾ ಬಂತು.

ಯಜಮಾನರು ನನ್ನ ಕಡೆ ನೋಡಿದರು. ವ್ಯಾಪಾರಿಯ ಕಣ್ಣು ವ್ಯಾಪಾರಿಗೆ ಅರ್ಥವಾಗುತ್ತದೆ. ಪ್ರೈಮರ್ ಡಬ್ಬಿಯ ಮುಚ್ಚಳ ತೆಗೆಯದೆ ನಾನು ವಾಪಸು ತೆಗೆದುಕೊಂಡೆ.

“ಗೋಡೆ ಮುಟ್ಟಬೇಡಿ. ಮೇಲಿನ ಕೋಣೆಗಳಿಗೂ ಹೀಗೇ ಬರೆದುಕೊಡಿ,” ಎಂದರು ಯಜಮಾನರು.

“ಹೀಗೇ ಅಂದ್ರೆ ಹೇಗೆ?” ನೆರಳಣ್ಣ ಕಂಗಾಲಾದ. “ಇದು ತಪ್ಪಾಗಿರೋದು.”

“ಹಾಗಾದ್ರೆ ಅದೇ ತಪ್ಪು ಮಾಡಿ.”

ಕೆಲಸ ಸಿಕ್ಕಿತಲ್ಲ, ಇನ್ನೇನು ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡೆ. ಆದರೆ ಮೇಲಿನ ಮೊದಲ ಕೋಣೆಯಲ್ಲಿ ಅವನು ಬಲಕ್ಕೊಂದು ತೆಳು ನೆರಳು, ಎಡಕ್ಕೊಂದು ದಟ್ಟ ನೆರಳು ಎಂದು ನೋಡಿ ನೋಡಿ ಬರೆದದ್ದು, ಬೂಟಂಗಡಿಯ ಬೋರ್ಡಿನ ಹಾಗೆ ಬಂತು. ಯಜಮಾನರು ತಲೆಯಾಡಿಸಿದರು. “ಕೆಳಗಿನ ಥರ ಬಂದಿಲ್ಲ. ಇದನ್ನ ನೋಡಿ ಯಾರೂ ಜಗಳ ಆಡಲ್ಲ.” ಇನ್ನೊಮ್ಮೆ ಬರೆದ, ಮತ್ತೆ ಅದೇ. ಭಾಮೈದ ಮತ್ತೆ ಟೇಪು ಹಿಡಿದು ಮೆಟ್ಟಿಲ ಹತ್ತಿರ ಸುಳಿದಾಡತೊಡಗಿದ.

ನೆರಳಣ್ಣ ನನ್ನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಬಂದು ಕೂತ. ಬ್ರಷ್ಷಿನ ಡಬ್ಬಿಗೆ ಕೈ ಹಾಕಲಿಲ್ಲ. ನನಗೆ ಅದೇ ಗಾಬರಿ.

“ತಪ್ಪು ಮಾಡು ಅಂತ ಹೇಳಿದ್ರೆ ಕೈ ತಪ್ಪು ಮಾಡಲ್ವಲ್ಲ,” ಎಂದ. “ಬೇಡ ಅಂದಾಗ ಮಾಡುತ್ತೆ.”

“ಕೆಳಗಿನ ಗೋಡೆ ಹೇಗೆ ಬರೆದೆ, ಅದನ್ನ ಹೇಳು.”

“ಹೇಗೆ ಅಂದ್ರೆ... ಸರಿ ಅಂತ ನಂಬಿಕೊಂಡು ಬರೆದೆ. ಆ ಅಮ್ಮ ತಪ್ಪು ಅಂದ್ರು. ತಿದ್ದಿದೆ.”

ಇಬ್ಬರೂ ಒಟ್ಟಿಗೆ ಲಾಡ್ಜಿನ ಕಡೆ ನೋಡಿದೆವು.

ಹೀಗೆ ಯಜಮಾನರ ತಾಯಿಗೆ ಆ ವಯಸ್ಸಿನಲ್ಲಿ ಒಂದು ಉದ್ಯೋಗ ಸಿಕ್ಕಿತು. ನೆರಳಣ್ಣ ಚಿಕ್ಕ ಚಿತ್ರವನ್ನು ಒಳಗಿಟ್ಟು, ಕೋಣೆಯಲ್ಲಿ ಸೀಟಿ ಹಾಕುತ್ತ, ತನಗೆ ಸರಿ ಕಂಡಂತೆ ನಿಷ್ಠೆಯಿಂದ ಬರೆಯುವುದು. ಮುದುಕಿ ಕುರ್ಚಿ ತರಿಸಿಕೊಂಡು ಕೂತು, ನೋಡಿ, ತಪ್ಪು ಹೇಳುವುದು. ಅವನು ನಿಜವಾಗಿಯೂ ಬೇಸರಪಟ್ಟುಕೊಂಡು, ಗೊಣಗುತ್ತ ತಿದ್ದುವುದು. ಬೆಳಿಗ್ಗೆ ಹಳೆಯದು ಕೆಳಗಿನಿಂದ ಎದ್ದು ಬರುವುದು. ಯಜಮಾನರು ನೋಡಿ ‘ಹಾಂ, ಇದು!’ ಎನ್ನುವುದು.

ಮುದುಕಿ ಸಂಬಳವಿಲ್ಲದ ಈ ಕೆಲಸವನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಒಂದು ಕೋಣೆಯಲ್ಲಿ ಹೋಗುತ್ತಿದ್ದಾರೆ ಎಂದರು. ಇನ್ನೊಂದರಲ್ಲಿ ಬರುತ್ತಿದ್ದಾರೆ, ಆದರೆ ಬರಬಾರದ ಹೊತ್ತಿನಲ್ಲಿ ಎಂದರು. ಮತ್ತೊಂದರಲ್ಲಿ ಕೊನೆಯವನು ಹಿಂದೆ ಬೀಳುತ್ತಿದ್ದಾನೆ, ಪಾಪ, ಅವನನ್ನು ಸ್ವಲ್ಪ ಮುಂದಕ್ಕೆ ತಳ್ಳು ಎಂದರು. ನೆರಳಣ್ಣ ತಳ್ಳಿದ. ಬೆಳಗಾದಾಗ ತಳ್ಳಿಸಿಕೊಂಡವನ ಜಾಗದಲ್ಲಿ ಇನ್ನೊಬ್ಬ ಮಸುಕಾಗಿ ನಿಂತಿದ್ದ. ಆ ಕೋಣೆ ಕೇಳಿಕೊಂಡು ಬರುವ ಗಿರಾಕಿಗಳು ಈಗಲೂ ಇದ್ದಾರೆ.

“ನಿಮಗೆ ನಿಜವಾಗಿ ಏನು ಕಾಣುತ್ತೆ ಅಮ್ಮ?” ಎಂದು ನಾನು ಒಂದು ದಿನ ಕೇಳಿದೆ.

“ಮೊದಲು ಚೆನ್ನಾಗಿ ಕಾಣ್ತಿತ್ತಪ್ಪ. ಈಗ ನೋಡಿ ನೋಡಿ ಕಣ್ಣು ಕಲಸಿಹೋಗಿದೆ. ಆದ್ರೂ ಪಾಪ ಅವನು ಕಾದಿರ್ತಾನೆ ಅಂತ ಏನಾದ್ರೂ ಒಂದು ಹೇಳ್ತೀನಿ.”

ಇದನ್ನು ನಾನು ನೆರಳಣ್ಣನಿಗೆ ಹೇಳಲಿಲ್ಲ. ಮಾಲು ಹೋಗುತ್ತಿರುವಾಗ ಅದು ಬಂದ ದಾರಿ ಕೆದಕಬಾರದು.

ಅತ್ತಿಗೆ, ಅಂದರೆ ನೆರಳಣ್ಣನ ಹೆಂಡತಿ, ಒಂದು ಮಧ್ಯಾಹ್ನ ತಮ್ಮನ ಅಂಗಡಿಗೆ ಹೋಗಿ ನಿಂತೇ ಮಾತಾಡಿ ಬಂದಳು. “ಆ ಕುರ್ಚಿ ಮೇಲೆ ಬೇರೆ ಯಾರನ್ನಾದ್ರೂ ಕೂರಿಸ್ಕೋ. ನಿಮ್ಮ ಭಾವ ಬರಲ್ಲ. ನಿಮ್ಮ ಭಾವನಿಗೆ ಈಗ ಮನೇಲೂ ಸರಿಯಾಗಿ ಕೂರೋಕೆ ಬರ್ತಿಲ್ಲ. ಊಟಕ್ಕೆ ಕೂತ್ರೂ ತಟ್ಟೆ ನೆರಳು ಯಾವ ಕಡೆ ಬಿದ್ದಿದೆ ಅಂತ ನೋಡ್ತಾರೆ.” ಭಾಮೈದ ನಕ್ಕು ಟೇಪು ಸುತ್ತಿ ಡ್ರಾಯರಿನೊಳಗೆ ಹಾಕಿದನಂತೆ.

ಕೊನೆಯ ಕೋಣೆ ಮೆಟ್ಟಿಲ ಪಕ್ಕದ್ದು, ಕಿಟಕಿ ಇಲ್ಲದ್ದು. ಅಲ್ಲಿ ನೆರಳಣ್ಣ ಎಂದಿನಂತೆ ಬರೆದು ಮುಗಿಸಿ, ಬ್ರಷ್ಷು ತೊಳೆದು, ಮುದುಕಿಯನ್ನು ಕರೆದ. ಕೊನೆಯದಲ್ಲವೇ ಎಂದು ನಾನೂ ಹೋಗಿದ್ದೆ. ಮುದುಕಿ ಕೂತರು, ನೋಡಿದರು. ಕನ್ನಡಕ ಒರೆಸಲಿಲ್ಲ.

“ಇದು ಸರಿ ಇದೆ,” ಎಂದರು.

ನೆರಳಣ್ಣ ತೊಳೆದ ಬ್ರಷ್ಷು ಹಿಡಿದುಕೊಂಡೇ ಹತ್ತಿರ ಬಂದ. “ಸರಿ ಇದೆ ಅಂದ್ರೆ? ಅಮ್ಮ, ಸರಿಯಾಗಿ ನೋಡಿ. ಬರ್ತಿದಾರಾ, ಹೋಗ್ತಿದಾರಾ?”

“ಬರ್ತಾನೂ ಇಲ್ಲ, ಹೋಗ್ತಾನೂ ಇಲ್ಲ. ನಿಂತಿದಾರಲ್ಲಪ್ಪ.”

ನಾವು ನೋಡಿದೆವು. ಈ ದಾರಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ಮೇಷ್ಟ್ರಿಗೂ ಇಲ್ಲ, ಏಜೆಂಟನಿಗೂ ಇಲ್ಲ. ಮುದುಕಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಯಜಮಾನರು ಬಂದು ಕತ್ತು ಓರೆ ಮಾಡಿ ನೋಡಿ, “ಇರಲಿ ಬಿಡಿ, ಒಬ್ಬೊಬ್ಬರೇ ಬರೋರಿಗೆ ಈ ಕೋಣೆ ಕೊಡ್ತೀನಿ,” ಎಂದರು.

ಆ ಸಂಜೆ ನೆರಳಣ್ಣ ಅಂಗಡಿಗೆ ಬಂದ. ಬ್ರಷ್ಷಿನ ಡಬ್ಬಿಗೆ ಕೈ ಹಾಕಿ, ಒಂದನ್ನು ತೆಗೆದು ಕೆನ್ನೆಗೆ ಒತ್ತಿಕೊಂಡು, ಹಾಗೇ ನಿಂತುಬಿಟ್ಟ. ನಾನು ಬೇರೆ ಗಿರಾಕಿಗೆ ಟರ್ಪೆಂಟೈನ್ ಅಳೆದು ಕೊಟ್ಟು ಬಂದರೂ ನಿಂತೇ ಇದ್ದ.

“ಏನಯ್ಯ, ತಗೊಳ್ತೀಯಾ, ಇಡ್ತೀಯಾ?”

“ಅಲ್ಲ,” ಎಂದ, ಬ್ರಷ್ಷು ಕೆನ್ನೆಯಿಂದ ತೆಗೆಯದೆ, “ನಿಂತವರ ನೆರಳು ಯಾವ ಕಡೆಗೆ ಬೀಳಬೇಕು?”

ನಾನು ಹೊರಗೆ ಬಂದು ನನ್ನ ಅಂಗಡಿಯ ಬೋರ್ಡು ನೋಡಿದೆ. ಬಲಕ್ಕೆ, ಕೊಂಚ ಕೆಳಕ್ಕೆ. ಬೀದಿಯ ಬಿಸಿಲು ಆಗ ಯಾವ ಕಡೆಯಿಂದ ಬರುತ್ತಿತ್ತು ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಒಳಗೆ ಬಂದು, ಆ ಬ್ರಷ್ಷನ್ನು ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ. ಅವನು ದುಡ್ಡು ಕೊಟ್ಟು ಕೊಂಡನೋ, ನಾನು ಸುಮ್ಮನೆ ಕೊಟ್ಟೆನೋ, ಅದು ಇಬ್ಬರಿಗೂ ಈಗ ನೆನಪಿಲ್ಲ.